ಮಿಡತೆಗೆ ಉಸಿರು ಕಟ್ಟಿದ ವಾರ

ಅಡುಗೆಮನೆಯ ನೆಲದ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ವರ್ಷಕ್ಕೆ ಆಗುವಷ್ಟು ಹಣ್ಣು, ಮೊರದ ತುಂಬ. ಕೈಯೆಲ್ಲ ಅಂಟಂಟು. ಆಗ ಫೋನು ಬಡಿದುಕೊಂಡಿತು. ಮೊಣಕೈಯಿಂದ ಎಳೆದುಕೊಂಡು ಮೂಗಿನ ತುದಿಯಿಂದ ಒತ್ತಿದೆ. ನಗಬೇಡಿ, ಹಿಟ್ಟು ಕಲಸುವ ಹೆಂಗಸರಿಗೆಲ್ಲ ಈ ವಿದ್ಯೆ ಗೊತ್ತಿರುತ್ತದೆ.

ಮಗಳ ದನಿ. "ಅಮ್ಮಾ, ಗಾಬರಿ ಆಗ್ಬೇಡ. ನಂಗೇನೂ ಆಗಿಲ್ಲ."

ಹೀಗೆ ಶುರುವಾಗುವ ಮಾತಿಗೆ ಗಾಬರಿಯಾಗದ ತಾಯಿಯನ್ನು ನಾನಂತೂ ಕಂಡಿಲ್ಲ.

"ಗಾಡಿ ಮತ್ತೆ ನಿಂತ್ಹೋಯ್ತಮ್ಮ. ತುಮಕೂರು ರೋಡು, ಮಧ್ಯದ ಲೇನು. ಹಿಂದೇನೇ ಲಾರಿ ಇತ್ತು. ಆ ಅಣ್ಣ ಹೆಂಗೋ ಬ್ರೇಕ್ ಹಾಕ್ಬಿಟ್ಟ. ಇಳಿದು ಬಂದು, 'ಸಾಯಕ್ಕೆ ನನ್ ಲಾರೀನೇ ಬೇಕಿತ್ತಾ ತಂಗಿ' ಅಂತ ಬೈದ. ಆಮೇಲೆ ಅವನೇ ಗಾಡಿ ತಳ್ಕೊಂಡ್ ಬಂದು ಪಕ್ಕಕ್ಕೆ ಹಾಕ್ಕೊಟ್ಟ."

ಆ ಲಾರಿಯವನ ಮುಖ ನಾನು ನೋಡಿಲ್ಲ, ಯಾವ ಊರಿನವನೋ ಗೊತ್ತಿಲ್ಲ. ಆದರೂ ಇವತ್ತಿಗೂ ದೀಪ ಹಚ್ಚುವಾಗ ಅವನ ಹೆಂಡತಿ ಮಕ್ಕಳು ತಣ್ಣಗಿರಲಿ ಎಂದು ಒಂದು ಕ್ಷಣ ಕಣ್ಣು ಮುಚ್ಚುತ್ತೇನೆ. ಶಿವನು ಯಾವ ಯಾವ ವೇಷದಲ್ಲಿ ಬರುತ್ತಾನೋ. ಅವತ್ತು ಲಾರಿಯ ಬ್ರೇಕಿನಲ್ಲಿ ಬಂದಿದ್ದ.

"ಅಪ್ಪಂಗೆ ಹೇಳ್ಬೇಡ" ಎಂದಳು ಕೊನೆಗೆ.

"ಹೇಳದೆ ಇರಕ್ಕಾಗುತ್ತೇನೇ?"

ಹೇಳಬೇಡ ಎಂದದ್ದು ಯಾಕೆಂದು ನನಗೆ ಗೊತ್ತಿತ್ತು. ಹಿಂದಿನ ಸಲ ಗಾಡಿ ನಿಂತಾಗಲೇ ನಮ್ಮ ಯಜಮಾನರು ಹೇಳಿಬಿಟ್ಟಿದ್ದರು, ಇನ್ನೊಂದು ಸಲ ದಾರಿಯಲ್ಲಿ ನಿಂತರೆ ಮಾರುವುದೇ ಸೈ ಎಂದು. ಅವರು ಮಾತು ಕಮ್ಮಿಯ ಮನುಷ್ಯ. ಆಡಿದರೆ ಆಡಿದ ಹಾಗೆ.

ಗಾಡಿ ಎಂದರೆ ಯಾವ ಗಾಡಿ ಎಂದು ಹೇಳಬೇಕು. ಅದು ಎಲ್ಲರ ಮನೆಯಲ್ಲಿರುವಂಥ ಸ್ಕೂಟರಲ್ಲ. ಮಣ್ಣುದಾರಿ, ಗುಡ್ಡ, ಕಲ್ಲುಹಾದಿ ಹತ್ತುವುದಕ್ಕೆಂದೇ ಮಾಡಿದ ಚಿಕ್ಕ ಟ್ರೇಲ್ ಬೈಕು. ಸಣಕಲು ಮೈ, ಎತ್ತರದ ಕಾಲು, ಹಲ್ಲುಹಲ್ಲಾದ ಚಕ್ರ, ಮೇಲಕ್ಕೆ ಚಾಚಿದ ಮಡ್‌ಗಾರ್ಡು. ಬಣ್ಣವೂ ಹಸಿರು. ನಮ್ಮತ್ತೆ ಅದನ್ನು ಮೊದಲ ಸಲ ನೋಡಿದಾಗ, "ಇದೇನ ಕೂಸೇ, ಮಿಡತಿ ಇದ್ದಂಗ ಐತಿ!" ಎಂದಿದ್ದರು. ಅವತ್ತಿನಿಂದ ಅದು ಮಿಡತೆಯೇ.

ಮಗಳು ಪೀಣ್ಯದಲ್ಲಿ ಅಚ್ಚುಗಳನ್ನು ಮಾಡುವ ಒಂದು ಕಂಪನಿಯಲ್ಲಿ ಡಿಸೈನ್ ಕೆಲಸ ಮಾಡುತ್ತಾಳೆ. ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು ಸಂಜೆ ಬಾಡಿದ ಸೊಪ್ಪಿನ ಹಾಗೆ ಮನೆಗೆ ಬರುವವಳು, ಭಾನುವಾರ ಬಂದರೆ ಚಿಗುರಿಬಿಡುತ್ತಾಳೆ. ಅವಳ ಹಾಗೇ ಹುಚ್ಚಿರುವ ಹೆಣ್ಣುಮಕ್ಕಳ ಒಂದು ಗುಂಪಿದೆ. ನೆಲಮಂಗಲದಾಚೆ ಗುಡ್ಡದ ಹಾದಿಗಳಲ್ಲಿ ಓಡಾಡಿ, ಯಾವುದೋ ಹಳ್ಳಿಯ ಅಂಗಡಿಯಲ್ಲಿ ಇಡ್ಲಿ ತಿಂದು, ಮಧ್ಯಾಹ್ನದ ಹೊತ್ತಿಗೆ ಹಾಡು ಹೇಳಿಕೊಂಡು ಬರುತ್ತಾರೆ. ಆ ಭಾನುವಾರ ಗುಂಪಿಗೆ ಹೊಸಬರು ಸೇರುವವರಿದ್ದರು. ಅವರನ್ನು ಮುಂದೆ ನಿಂತು ಕರೆದುಕೊಂಡು ಹೋಗುವ ಸರದಿ ಮೊದಲ ಸಲ ನಮ್ಮವಳಿಗೆ ಬಂದಿತ್ತು. ವಾರದಿಂದ ಅದೇ ಜಪ. ಗಾಡಿ ನಿಂತ ದಿನವೂ ಆ ಹಾದಿ ನೋಡಿ ಬರಲೆಂದೇ ನೆಲಮಂಗಲದ ಕಡೆಗೆ ಹೋಗಿದ್ದಳು.

ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಮೇಲೆ ತಿಂಗಳುಗಟ್ಟಲೆ ಮಿಡತೆ ಒಂದು ತಕರಾರೂ ಮಾಡಿರಲಿಲ್ಲ. ಆಮೇಲೆ ಯಾಕೋ ಈ ರೋಗ ಹತ್ತಿತು. ಮನೆಯಿಂದ ಪೀಣ್ಯಕ್ಕೆ ಹೋಗುವಷ್ಟು ದೂರಕ್ಕೆ ಏನೂ ಇಲ್ಲ. ಸ್ವಲ್ಪ ದೂರ ಹೋದರೆ ಮಾತ್ರ ಬಿಕ್ಕಳಿಸುತ್ತದೆ, ಮುಕ್ಕರಿಸುತ್ತದೆ, ಸತ್ತುಹೋಗುತ್ತದೆ. ಒಂದು ಹತ್ತು ನಿಮಿಷ ಬಿಟ್ಟರೆ ಏನೂ ಆಗದವರ ಹಾಗೆ ಎದ್ದು ಓಡುತ್ತದೆ.

ಲಗ್ಗೆರೆಯಲ್ಲಿ ನಮಗೆ ಗೊತ್ತಿರುವ ಒಬ್ಬ ಮೆಕ್ಯಾನಿಕ್ ಇದ್ದಾನೆ. ಒಳ್ಳೆಯವನು, ಬಾಯಿ ಸ್ವಲ್ಪ ಜಾಸ್ತಿ. ಮೊದಲ ಸಲ ಕಾರ್ಬ್ಯುರೇಟರ್ ಬಿಚ್ಚಿ ತೊಳೆದ. ಪೆಟ್ರೋಲೂ ಗಾಳಿಯೂ ಬೆರೆಯುವ ಡಬ್ಬಿಯದು, ಅದರಲ್ಲಿ ಕಸ ಕೂತರೆ ಹೀಗಾಗುತ್ತದಂತೆ. ಎರಡನೆಯ ಸಲ ಪ್ಲಗ್ಗು, ಪೆಟ್ರೋಲ್ ಪೈಪು, ಫಿಲ್ಟರ್ ಎಲ್ಲ ಬದಲಾಯಿಸಿದ. ಎರಡು ಸಲವೂ ತಾನೇ ಹತ್ತಿ ಊರೆಲ್ಲ ಸುತ್ತಿ ಬಂದು, "ಮೇಡಂ, ಗಾಡಿ ಸಕ್ಕತ್ತಾಗಿದೆ. ಪ್ರಾಬ್ಲಮ್ಮೇ ಇಲ್ಲ. ಪೆಟ್ರೋಲೇ ಕಲಬೆರಕೆ ಇರ್ಬೇಕು, ಬಂಕ್ ಚೇಂಜ್ ಮಾಡಿ" ಎಂದ. ಬಂಕೂ ಬದಲಾಯಿತು. ರೋಗ ಬದಲಾಗಲಿಲ್ಲ.

ಅವತ್ತು ಸಂಜೆ ಯಜಮಾನರಿಗೆ ನಾನೇ ಹೇಳಿದೆ. ಅವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ದಿನವೂ ಗೇಟಿನಲ್ಲಿ ಲಾರಿಗಳ ನಡುವೆ ನಿಂತಿರುವವರು. ಲಾರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟರು.

"ಮುಗೀತು" ಎಂದರು. "ಆಫೀಸಲ್ಲಿ ಒಬ್ರು ಕೇಳ್ತಿದ್ರು, ತೋಟದಲ್ಲಿ ಓಡಾಡೋಕೆ ಬೇಕಂತೆ. ಶನಿವಾರ ಸಂಜೆ ಬಂದು ತಗೊಂಡ್ಹೋಗ್ಲಿ."

"ಅಪ್ಪಾ, ಭಾನುವಾರ..." ಎಂದಳು ಮಗಳು.

"ಭಾನುವಾರಗಳು ಬರ್ತಾವೆ ಹೋಗ್ತಾವೆ. ನೀನೊಬ್ಳೇ ಇರೋದು ನಂಗೆ."

ಅವಳಿಗೆ ಅಳು ಬಂದಿರಬೇಕು. ತಟ್ಟೆ ಎತ್ತಿಕೊಂಡು ಎದ್ದುಹೋದಳು. ಇವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ಸೈಕಲ್ ಕಲಿಯುವಾಗ ಸೀಟು ಹಿಡಿದುಕೊಂಡು ದಾಸರಹಳ್ಳಿಯ ಬೀದಿಯೆಲ್ಲ ಓಡಿದ ಕಾಲು ಅವರದು. ಹೆದರಿಕೆ ಎಷ್ಟು ಎಂದು ನನಗೆ ಗೊತ್ತು. ಹೆದರಿಕೆಗೆ ಬಾಯಿ ಬಂದರೆ ಅದು ಗದರಿಕೆಯೇ ಆಗುವುದು.

ನಮ್ಮತ್ತೆ ಇದನ್ನೆಲ್ಲ ಕೇಳಿಕೊಂಡು ಮೂಲೆಯಲ್ಲಿ ಕೂತಿದ್ದರು. ಅವರು ದಾವಣಗೆರೆಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದವರು, ಹೋದ ಶಿವರಾತ್ರಿ ಕಳೆದ ಮೇಲೆ ನಮ್ಮಲ್ಲಿಗೆ ಬಂದರು. ಬೆಳಿಗ್ಗೆ ಎದ್ದು ಸ್ನಾನ, ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ಪೂಜೆ, ಆಮೇಲೆ ಒಂದು ಲೋಟ ಚಹಾ. ಈ ಕ್ರಮ ಮಳೆ ಬಂದರೂ ತಪ್ಪದು, ಕರೆಂಟು ಹೋದರೂ ತಪ್ಪದು. ಸೋಮವಾರ ಮಾತ್ರ ಪೂಜೆ ಮುಗಿದ ಮೇಲೆ ಇನ್ನೊಂದು ಸುತ್ತಿದೆ. ವಿಭೂತಿ ಗಟ್ಟಿಯನ್ನು ಬಟ್ಟಲಲ್ಲಿ ನೀರು ಹಾಕಿ ತೇಯ್ದು, ಅದಕ್ಕೆ ಒಂದು ಚಿಟಿಕೆ ಪಚ್ಚಕರ್ಪೂರ ಬೆರೆಸಿ, ಮನೆಯಲ್ಲಿ ನಮಗಾಗಿ ದುಡಿಯುವ ಎಲ್ಲದಕ್ಕೂ ಮೂರು ಬೆರಳಿನಿಂದ ಪಟ್ಟೆ ಎಳೆಯುತ್ತಾರೆ. ಹೊಸ್ತಿಲು, ಗ್ಯಾಸಿನ ಒಲೆ, ನೀರಿನ ಮೋಟರು, ಮಿಕ್ಸಿ. ಮಿಡತೆಗೂ ಬಿಡುವಿಲ್ಲ. ಅವರು ಕುಳ್ಳಗೆ, ಅದು ಎತ್ತರ. ತುದಿಗಾಲಲ್ಲಿ ನಿಂತು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೇ ಹಚ್ಚಬೇಕು.

"ಅಲ್ಲೇ ಯಾಕತ್ತೆ, ಮುಂದೆ ದೀಪಕ್ಕೆ ಹಚ್ಚಬಾರದಾ?" ಎಂದು ಒಮ್ಮೆ ಕೇಳಿದ್ದೆ.

"ದೀಪ ಅದರ ಕಣ್ಣು ತಂಗಿ. ಕಣ್ಣಿಗೆ ಯಾರರ ವಿಭೂತಿ ಹಚ್ತಾರೇನು? ಇದು ನೋಡು, ಕರ್ರಗ, ದುಂಡಗ, ಲಿಂಗದಂಗ ಕುಂತೈತಿ. ಇದಾ ಅದರ ನೆತ್ತಿ."

ಹೇಳಿದ್ದು ನನಗೂ ಸರಿಯೆನಿಸಿತು. ಕೂಸು ಮನೆಯಿಂದ ಹೊರಟಾಗ ಅತ್ತೆಯ ಮೂರು ಬೆರಳು ಅದರ ಜೊತೆಗೆ ಹೋಗುತ್ತವೆ ಎಂದು ಸಮಾಧಾನವೂ ಆಗುತ್ತಿತ್ತು.

ಶುಕ್ರವಾರ ಮಗಳು ಮಧ್ಯಾಹ್ನಕ್ಕೇ ರಜೆ ಹಾಕಿ ಬಂದಳು. "ನಾಳೆ ಕೊಟ್ಬಿಡೋದೇ ಆದ್ರೆ, ಏನಾಗಿತ್ತು ಅಂತಾದ್ರೂ ನಂಗೆ ಗೊತ್ತಾಗ್ಬೇಕಮ್ಮ. ನೀನು ಬಾ, ಬಾಟ್ಲಿ ಹಿಡ್ಕೊ."

ಹಳೆಯ ಉಪ್ಪಿನಕಾಯಿ ಬಾಟಲಿ ತೊಳೆದು, ಒರೆಸಿ, ಒಣಗಿಸಿ ತಂದೆ. ಮೆಟ್ಟಿಲ ಪಕ್ಕ ಗಾಡಿ ನಿಲ್ಲಿಸುವ ಜಾಗದಲ್ಲಿ ಗೋಣಿತಟ್ಟು ಹಾಸಿ ಇಬ್ಬರೂ ಕೂತೆವು. ಅತ್ತೆ ಊದುಬತ್ತಿ ಹಿಡಿದುಕೊಂಡು ಹೊರಟಿದ್ದರು, ಗಾಡಿಗೆ ಬೆಳಗಲು. ಬಾಗಿಲಲ್ಲೇ ತಡೆದೆ. "ಅತ್ತೆ, ಪೆಟ್ರೋಲು! ಬೆಂಕಿ ಬೇಡ!" ಎಂದು ಅದನ್ನು ಒಳಗೆ ಬಿಟ್ಟು ಬರುವಂತೆ ಮಾಡಿದೆ. ಅವರು ಮುಖ ಸಣ್ಣಗೆ ಮಾಡಿಕೊಂಡು ಬಂದು ಮೆಟ್ಟಿಲ ಮೇಲೆ ಕೂತರು.

"ನೋಡಮ್ಮ" ಎಂದಳು ಮಗಳು, ಬಾಯಲ್ಲಿ ಸ್ಪ್ಯಾನರು ಕಚ್ಚಿಕೊಂಡೇ. "ಟ್ಯಾಂಕಿಂದ ಇಂಜಿನ್‌ವರೆಗೆ ಪೆಟ್ರೋಲ್ ಹೋಗೋ ದಾರೀಲಿ ನಾವೂ ನಡ್ಕೊಂಡು ಹೋಗ್ಬೇಕು. ಎಲ್ಲಿ ನಿಲ್ಲುತ್ತೋ ಅಲ್ಲೇ ರೋಗ."

ಇದು ನನಗೆ ಚೆನ್ನಾಗಿ ಅರ್ಥವಾಗುವ ಮಾತು. ಬಚ್ಚಲಿನ ನಲ್ಲಿಯಲ್ಲಿ ನೀರು ಬಾರದಿದ್ದರೆ ನಾನೂ ಹಾಗೇ ಹುಡುಕುವುದು. ಸಂಪು, ಮೋಟರು, ಮೇಲಿನ ಟ್ಯಾಂಕು, ಪೈಪು.

ಅವಳು ಕಾರ್ಬ್ಯುರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಅಲ್ಲಿ ತುಂಬಿದ್ದ ಪೆಟ್ರೋಲನ್ನು ಮುಚ್ಚಳವೊಂದಕ್ಕೆ ಇಳಿಸಿ ನೋಡಿದಳು. ನೀರಿನ ಹನಿ ಇಲ್ಲ, ಕಸ ಇಲ್ಲ. ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದಳು. ಶುಭ್ರವಾಗಿತ್ತು. ಪೈಪು ಎಳೆದು ನನ್ನ ಬಾಟಲಿಗೆ ಇಳಿಬಿಟ್ಟು ಟ್ಯಾಂಕಿನ ನಲ್ಲಿ ತಿರುಗಿಸಿದಳು. ಪೆಟ್ರೋಲು ಜುಳುಜುಳು ಎಂದು ಬಂತು. ನಲ್ಲಿ ನಿಲ್ಲಿಸಿ ಅಲ್ಲೇ ಕುಸಿದು ಕೂತಳು.

"ಎಲ್ಲಾ ಸರಿ ಇದೆಯಲ್ಲಮ್ಮಾ! ಮೆಕ್ಯಾನಿಕ್ ಹೇಳಿದ್ದೇ ನಿಜ. ಇದಕ್ಕೆ ರೋಗಾನೇ ಇಲ್ಲ."

"ಬಂತು ಅಂದ್ರೆ ಸಾಕಾಯ್ತೇನೇ? ಬರ್ತಾ ಇರ್ಬೇಕಲ್ಲ" ಎಂದೆ. "ನಮ್ಮ ಕಾವೇರಿ ನೀರು ನೋಡು, ಮೊದ್ಲು ಭರ್ ಅಂತ ಬಂದು ಬಕೆಟ್ ಹಿಡಿಯೋ ಹೊತ್ತಿಗೆ ನಿಂತ್ಹೋಗುತ್ತೆ. ನಿಂತುಕೊಂಡು ನೋಡಿದ್ರೇ ತಾನೇ ಗೊತ್ತಾಗೋದು."

ಅವಳು ನನ್ನ ಮುಖ ನೋಡಿದಳು. ಇನ್ನೊಂದು ಡಬ್ಬ ತಂದು ಪಕ್ಕಕ್ಕಿಟ್ಟುಕೊಂಡು ಮತ್ತೆ ನಲ್ಲಿ ತಿರುಗಿಸಿದಳು. ಬಾಟಲಿ ತುಂಬಿತು, ಡಬ್ಬಕ್ಕೆ ಬದಲಾಯಿಸಿದೆವು. ನೋಡುತ್ತ ನೋಡುತ್ತ ಧಾರೆ ಸಣ್ಣಗಾಯಿತು. ಬೆರಳಿನಷ್ಟಿದ್ದದ್ದು ದಾರದಷ್ಟಾಯಿತು. ಆಮೇಲೆ ತೊಟ್ಟು. ಆಮೇಲೆ ಏನೂ ಇಲ್ಲ. ಗಾಡಿ ಅಲ್ಲಾಡಿಸಿದರೆ ಟ್ಯಾಂಕಿನೊಳಗೆ ಪೆಟ್ರೋಲು ಇನ್ನೂ ಬೇಕಾದಷ್ಟು ತುಳುಕುತ್ತಿದೆ.

"ಖಾಲಿ ಆಗಿಲ್ವಲ್ಲ?" ಎಂದು ಅವಳು ಇಣುಕಿ ನೋಡಲು ಮುಚ್ಚಳ ತಿರುಗಿಸಿದ್ದೇ, 'ಸುಯ್ಯ್' ಎಂದು ಸದ್ದಾಯಿತು. ಮುಳುಗಿದವರು ಮೇಲೆ ಬಂದು ಉಸಿರು ಎಳೆದುಕೊಂಡ ಹಾಗೆ. ಆ ಕ್ಷಣವೇ ಡಬ್ಬದೊಳಕ್ಕೆ ಪೆಟ್ರೋಲು ಧುಮುಕಿತು. ಮುಚ್ಚಳ ಹಾಕಿದಳು. ಸ್ವಲ್ಪ ಹೊತ್ತಿಗೆ ಮತ್ತೆ ದಾರ, ಮತ್ತೆ ತೊಟ್ಟು.

"ಅಮ್ಮಾ! ರೋಡಲ್ಲಿ ನಿಂತಾಗ್ಲೂ ನಾನು ಮುಚ್ಚಳ ತೆಗೆದು ಪೆಟ್ರೋಲ್ ಇದೆಯಾ ಅಂತ ನೋಡ್ತೀನಿ. ಆಮೇಲೆ ಸ್ಟಾರ್ಟ್ ಆಗುತ್ತೆ. ನಾನು ರೆಸ್ಟ್ ಕೊಟ್ಟಿದ್ದಕ್ಕೆ ಅಂದ್ಕೊಂಡಿದ್ದೆ!"

ಮೆಟ್ಟಿಲ ಮೇಲಿಂದ ಅತ್ತೆಯ ದನಿ ಬಂತು. "ಧಾರಾಪಾತ್ರಿ ನೆಪ್ಪಾತು ನೋಡ್ರಿ."

ಲಿಂಗದ ಮೇಲೆ ತೂಗುಬಿಡುವ, ತಳದ ತೂತಿನಿಂದ ಒಂದೇ ಸಮನೆ ಹನಿಯುವ ತಾಮ್ರದ ಪಾತ್ರೆಯ ಮಾತು ಅದು.

"ನಮ್ಮೂರ ಈಶ್ವರನ ಗುಡ್ಯಾಗ ಪೂಜಾರಪ್ಪ ಪಾತ್ರಿಯೊಳಗ ಹಲ್ಲಿ ಬೀಳ್ತಾವಂತ ಹೇಳಿ ಬಿಗಿ ಮುಚ್ಚಳ ಮಾಡಿಸ್ಕೊಂಡು ಬಂದ. ಹಾಕಿದ, ಧಾರಿ ನಿಂತ ಹೋತು. ಶಿವಗ ಸಿಟ್ಟು ಬಂದೈತಿ ಅಂತ ಊರ ಮಂದಿಯೆಲ್ಲ ಗಲ್ಲ ಗಲ್ಲ ಬಡಕೊಂಡ್ರು. ಕಡೀಕ ಕಂಚುಗಾರ ಬಂದು ಮುಚ್ಚಳಕ್ಕೊಂದು ತೂತು ಹೊಡದ. ಮತ್ತ ಧಾರಿ ಶುರುವಾತು. ಕೆಳಗ ನೀರು ಇಳೀಬೇಕಂದ್ರ ಮ್ಯಾಲ ಗಾಳಿಗೆ ದಾರಿ ಬಿಡಬೇಕು ಕೂಸೇ."

ಮಗಳು ಮುಚ್ಚಳ ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. "ಇಲ್ಲೂ ಗಾಳಿ ತೂತು ಇರ್ಬೇಕಲ್ವಾ... ಇರುತ್ತೆ... ಅಮ್ಮಾ, ನಿನ್ ಪಿನ್ನು ಕೊಡು."

ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟೆ. ಮುಚ್ಚಳದ ನಡುವೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಗುಳಿ. ಅದನ್ನು ಕೆರೆದಳು. ಗಾರೆಯ ಹಾಗೆ ಗಟ್ಟಿಯಾಗಿದ್ದ ಒಂದು ಚೂರು ಎದ್ದು ಬಂತು. ಆಮೇಲೆ ಪುಡಿ. ಬೆಳ್ಳನೆಯ, ನುಣ್ಣನೆಯ ಪುಡಿ.

ನಾನೂ ಅವಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಥಟ್ಟನೆ ಅಂಗೈ ಮುಚ್ಚಿದಳು.

"ಏನ ಅದು ಬೆಳ್ಳಗ?" ಎಂದರು ಅತ್ತೆ.

"ಧೂಳು ಅಜ್ಜಿ. ರೋಡ್ ಧೂಳು."

"ಎಲ್ಲೆ, ಕೊಡಿಲ್ಲೆ."

ಅತ್ತೆ ಎದ್ದು ಬಂದೇಬಿಟ್ಟರು. ಮೊಮ್ಮಗಳ ಬೆರಳು ಒಂದೊಂದಾಗಿ ಬಿಡಿಸಿ, ಪುಡಿಯನ್ನು ಚಿಟಿಕೆಯಲ್ಲಿ ಎತ್ತಿ ಮೂಗಿಗೆ ಹಿಡಿದರು. ಪೆಟ್ರೋಲಿನ ವಾಸನೆಯೊಳಗೂ ಪಚ್ಚಕರ್ಪೂರ ಅವರಿಗೆ ಸಿಕ್ಕಿತು. ಚಿಟಿಕೆಯನ್ನು ಹಾಗೇ ಹಿಡಿದುಕೊಂಡು ನಿಂತರು. ನೆಲಕ್ಕೆ ಉದುರಿಸಲಾರರು, ಅದು ವಿಭೂತಿ. ಹಣೆಗೆ ಹಚ್ಚಿಕೊಳ್ಳಲಾರರು, ಅದರಿಂದಲೇ ಕೂಸು ಲಾರಿಯ ಮುಂದೆ ನಿಂತದ್ದು. ಕೊನೆಗೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋದರು.

ಮಗಳು ಲಗ್ಗೆರೆಗೆ ಫೋನು ಹಚ್ಚಿದಳು. ಸ್ಪೀಕರಿನಲ್ಲಿ ಮೆಕ್ಯಾನಿಕ್ ನಕ್ಕಿದ್ದೇ ನಕ್ಕಿದ್ದು. "ಅಯ್ಯೋ ಮೇಡಂ! ನಿಮ್ ಗಾಡಿ ಮೈತುಂಬಾ ಮಣ್ಣಿರುತ್ತೆ, ನೀರ್ ಹೊಡೀದೆ ನಾನ್ ಕೈಯೇ ಇಡಲ್ಲ. ಮುಚ್ಚಳಕ್ಕೇ ಪ್ರೆಶರ್ ಬಿಟ್ಟು ತೊಳೀತೀನಿ. ರೋಗ ತೊಳ್ದಾಕ್ಬಿಟ್ಟು ಆಮೇಲೆ ರೋಗ ಹುಡುಕ್ತಿದ್ದೆ ನೋಡಿ! ಇನ್ನೊಂದ್ ಕೇಳಿ, ಫುಲ್ ಟ್ಯಾಂಕ್ ಇದ್ದಾಗ ಬೇಗ ನಿಲ್ತಿತ್ತಾ?"

"ಹೌದು! ಅವತ್ತು ನೆಲಮಂಗಲದಲ್ಲಿ ಫುಲ್ ಮಾಡಿಸ್ಕೊಂಡು ಸ್ವಲ್ಪ ದೂರ ಬಂದಿದ್ದಷ್ಟೇ."

"ಅದೇ ಮತ್ತೆ. ಒಳಗೆ ಗಾಳಿ ಕಮ್ಮಿ ಇದ್ರೆ ಬೇಗ ಉಸಿರು ಕಟ್ಟುತ್ತೆ."

ಟ್ಯಾಂಕ್ ಯಾವಾಗಲೂ ಭರ್ತಿ ಇರಬೇಕು, ದಾರಿಯಲ್ಲಿ ನಿಲ್ಲಬಾರದು ಎಂದು ಅವಳಿಗೆ ಹೇಳಿಕೊಟ್ಟವರು ಅವಳಪ್ಪ. ಅಜ್ಜಿ ವಿಭೂತಿ ಹಚ್ಚಿ ಕಳಿಸುವುದು, ಅಪ್ಪ ಟ್ಯಾಂಕ್ ತುಂಬಿಸಿ ಕಳಿಸುವುದು. ಕೂಸಿನ ಮೇಲಿನ ಜೀವ ಎಲ್ಲ ಸೇರಿ ಆ ಬಡಪಾಯಿ ಮಿಡತೆಯ ಮೂಗು ಹಿಡಿದಿತ್ತು.

ಒಳಗೆ ಹೋದರೆ ಅತ್ತೆ ದೇವರ ಮುಂದೆ ಗೋಡೆಗೆ ಒರಗಿ ಕೂತಿದ್ದರು. ಚಹಾ ಕೊಟ್ಟರೆ ಬೇಡ ಎಂದರು.

"ಕೈ ತಣ್ಣಗಾಗ್ಯಾವ ತಂಗಿ" ಎಂದರು. "ಲಾರಿ ಒಂದೀಟು ತಡಾ ಮಾಡಿ ನಿಂತಿದ್ರ? ನನ್ನ ಈ ಮೂರು ಬಟ್ಟಿಂದ..." ಎಂದು ಬೆರಳುಗಳನ್ನೇ ನೋಡಿಕೊಂಡರು.

ದೊಡ್ಡ ಮಾತು ನನಗೆ ಬಾರದು. ಅವರ ಕೈ ತೆಗೆದು ನನ್ನ ತೊಡೆಯ ಮೇಲಿಟ್ಟುಕೊಂಡೆ. "ಅತ್ತೆ, ದೇವರಿಗೆ ಹಾರ ಹಾಕ್ತೀವಿ. ಹೂವು ಜಾಸ್ತಿಯಾಗಿ ಮುಖ ಮುಚ್ಚಿಹೋದ್ರೆ ನಾವೇ ಸ್ವಲ್ಪ ಸರಿಸ್ತೀವಿ. ಹಾಕಿದ್ದು ತಪ್ಪು ಅಂತೀವಾ? ಆ ಲಾರಿ ಬ್ರೇಕು ಬಿತ್ತಲ್ಲ. ಏನಾಗಿದೆ ಅಂತ ಇವತ್ತು ಗೊತ್ತಾಯ್ತಲ್ಲ. ಧಾರಾಪಾತ್ರೆ ಕತೆ ನಿಮ್ಮ ಬಾಯಲ್ಲೇ ಬಂತಲ್ಲ. ಇಷ್ಟು ಮಾಡಿದವನು ನಿಮ್ಮ ಮೇಲೆ ಮುನಿಸ್ಕೊಂಡಿರ್ತಾನಾ?"

ಅವರು ಚಹಾ ಲೋಟದ ಕಡೆ ಕೈ ಚಾಚಿದರು. ನನಗೆ ಅಷ್ಟು ಸಾಕು.

ಸಂಜೆ ಯಜಮಾನರು ಬಂದು ಶೂ ಬಿಚ್ಚುವುದಕ್ಕೂ ಬಿಡದೆ ಅತ್ತೆ ಎದುರಿಗೆ ಹೋಗಿ ನಿಂತರು.

"ಗಾಡೀದೇನೂ ತಪ್ಪಿಲ್ಲಪಾ. ನನ್ನ ವಿಭೂತಿ ಅದರ ಉಸಿರು ಕಟ್ಟಿಸಿತ್ತು. ಮಾರೋದಾದ್ರ ನನ್ನ ಮಾರು."

ಇವರಿಗೆ ತಲೆಬುಡ ತಿಳಿಯಲಿಲ್ಲ. ಮಗಳು ಬಾಟಲಿ, ಡಬ್ಬ ತಂದು ಮತ್ತೆ ಎಲ್ಲವನ್ನೂ ಮಾಡಿ ತೋರಿಸಿದಳು. ತೂತನ್ನು ಬೆರಳಿನಿಂದ ಮುಚ್ಚಿದರೆ ಪೆಟ್ರೋಲು ನಿಲ್ಲುವುದು, ಬೆರಳು ತೆಗೆದರೆ ಬರುವುದು. ಇವರು ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ಮತ್ತೊಮ್ಮೆ ಮಾಡು ಎಂದರು. ಆಮೇಲೆ ತಮ್ಮ ಬೆರಳನ್ನೇ ಇಟ್ಟು ನೋಡಿದರು.

"ಇಷ್ಟು ತೂತಿಗಾ?"

"ಇಷ್ಟಕ್ಕೇ ಅಪ್ಪಾ."

"ಬಾಟ್ಲೀಲಿ ಸರಿ. ರೋಡಲ್ಲಿ?" ಎಂದು ಎದ್ದರು. "ನಾಳೆ ನಾನೇ ಹೋಗಿ ನೋಡ್ತೀನಿ. ಫುಲ್ ಟ್ಯಾಂಕ್ ಹಾಕಿಸ್ಕೊಂಡು ನೆಲಮಂಗಲ ದಾಟಿ ಬರ್ತೀನಿ. ಒಂದ್ಸಲ ಕೆಮ್ಮಿದ್ರೂ ಸಂಜೆ ಅವರು ಬಂದಾಗ ಕೀ ಕೊಡೋದೇ." ಆಮೇಲೆ ಅತ್ತೆಯ ಕಡೆ ತಿರುಗಿ, "ನಿನ್ನ ಯಾರ್ ತಗೋತಾರೆ ಅವ್ವಾ? ಬರೇ ಚಹಾ ಕುಡೀತಿ, ಮೈಲೇಜೇ ಇಲ್ಲ" ಎಂದರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟರು. ಮಧ್ಯಾಹ್ನದಿಂದ ನನ್ನ ಎದೆಯ ಮೇಲೆ ಕೂತಿದ್ದ ಒರಳುಕಲ್ಲು ಇಳಿಯಿತು.

ಶನಿವಾರ ಕಾರ್ಖಾನೆಯಿಂದ ಮಧ್ಯಾಹ್ನಕ್ಕೇ ಬಂದು, ಊಟ ಮಾಡಿ, ಮಗಳ ಹೆಲ್ಮೆಟ್ಟು ಹಾಕಿಕೊಂಡರು. ಇವರ ಕಾಲು ನೆಲಕ್ಕೆ ಎಟುಕುವುದಿಲ್ಲ. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ನನ್ನ ಭುಜ ಹಿಡಿದು ಹತ್ತಿದರು.

"ರೀ, ಸಿಗ್ನಲ್ಲಲ್ಲಿ ಯಾರ ಭುಜ ಹಿಡೀತೀರ?"

"ಶಿವನದು" ಎಂದರು. ಅವರು ಜೋಕು ಮಾಡುವುದು ಹೀಗೆ ನಗದೇ.

ಹೊರಡುವ ಮುಂಚೆ ಮಗಳು ಅಜ್ಜಿಯನ್ನು ಕೈಹಿಡಿದು ಕರೆತಂದಳು. ಅತ್ತೆ ಬರಲೊಲ್ಲರು. ಎರಡೂ ಕೈ ಸೆರಗಿನೊಳಗೆ. "ಒಲ್ಲೆ ಕೂಸೇ. ನಾ ಮುಟ್ಟಂಗಿಲ್ಲ."

"ಅಪ್ಪ ಫಸ್ಟ್ ಟೈಂ ಹೋಗ್ತಿದಾರೆ ಅಜ್ಜಿ, ಅವರಿಗೇ ಬೇಕು. ಬಾ, ಜಾಗ ನಾನ್ ತೋರಿಸ್ತೀನಿ. ಈ ಮಡ್‌ಗಾರ್ಡಿಗೆ ಹಚ್ಚು. ಇಲ್ಲೆಲ್ಲೂ ತೂತಿಲ್ಲ, ಬೇಕಾದ್ರೆ ತಡವಿ ನೋಡು."

ಅತ್ತೆ ನಿಜಕ್ಕೂ ತಡವಿ ನೋಡಿದರು. ಮೇಲೆ, ಕೆಳಗೆ, ಅಂಚಿನಲ್ಲಿ. ಆಮೇಲೆ ಮೂರು ಬೆರಳು ಎಳೆದರು.

ನೆಲಮಂಗಲಕ್ಕೆ ಹೋಗಿ ಬರಲು ಎಷ್ಟು ಹೊತ್ತು ಬೇಕು? ನಾನು ಪಾತ್ರೆ ತೊಳೆದಾಯಿತು, ಒಲೆ ಒರೆಸಿದ್ದಾಯಿತು. ಮಗಳು ಮೂರು ಸಲ ಬೀದಿಯ ತುದಿಯವರೆಗೂ ಹೋಗಿ ಬಂದಳು. ಫೋನು ಮಾಡಿದರೆ ಎತ್ತುತ್ತಿಲ್ಲ. "ಓಡಿಸ್ತಿದ್ರೆ ಹೆಂಗ್ ಎತ್ತುತಾರೆ, ಅದು ಒಳ್ಳೇದೇ" ಎಂದೆ. ಸ್ವಲ್ಪ ಹೊತ್ತಾದ ಮೇಲೆ ನನಗೇ ಆ ಮಾತಿನಲ್ಲಿ ನಂಬಿಕೆ ಉಳಿಯಲಿಲ್ಲ. ಪಂಚಾಕ್ಷರಿ ಹೇಳಿಕೊಳ್ಳಲು ಶುರುಮಾಡಿದೆ. ಆ ಹೊತ್ತಿಗೆ ಬಾಗಿಲ ಗಂಟೆಯಾಯಿತು. ಇವರಲ್ಲ. ಗಾಡಿ ಕೊಳ್ಳುವವರು.

ಸಜ್ಜನರು. ಗಾಡಿಗೆ ಕಟ್ಟಲು ನಿಂಬೆಹಣ್ಣು, ಮೆಣಸಿನಕಾಯಿಯ ಸರವನ್ನೂ ಕೈಯಲ್ಲೇ ಹಿಡಿದು ತಂದಿದ್ದರು. ಮಗಳು ಅದನ್ನು ನೋಡಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಗಾಡಿ ಎಲ್ಲಿ ಅಕ್ಕಾ?"

"ಇವರು ತಗೊಂಡ್ಹೋಗಿದಾರೆ. ಈಗ ಬರ್ತಾರೆ. ಕಾಫಿ ಮಾಡ್ತೀನಿ" ಎಂದೆ. ಕಾಫಿ ಕೊಟ್ಟೆ. ಚಕ್ಕುಲಿ ಕೊಟ್ಟೆ. ಅವರು ತಮ್ಮ ತೋಟದ ಮಾತು ಎತ್ತಿದರು, ಬಾವಿ, ತೆಂಗು, ಕಾಲುದಾರಿ. ನಾನು ಹೂಂಗುಟ್ಟುತ್ತಿದ್ದೆ, ಕಿವಿ ಮಾತ್ರ ಬೀದಿಯಲ್ಲಿತ್ತು.

ಬಂತು. ಕಾಳು ಹುರಿದ ಹಾಗೆ ಪಟಪಟ ಸದ್ದು ಮೂಲೆಯಲ್ಲಿ ತಿರುಗಿ, ಒಂದೇ ಸಮನೆ, ಎಲ್ಲೂ ತಡೆಯದೆ ಬಂದು ಮೆಟ್ಟಿಲ ಬಳಿ ನಿಂತಿತು. ರೂಮಿನ ಬಾಗಿಲು ತೆರೆಯಿತು.

ಒಳಗೆ ಬಂದ ಮನುಷ್ಯನನ್ನು ನಾನು ಮದುವೆಯಾದಂದಿನಿಂದ ಆ ಅವತಾರದಲ್ಲಿ ನೋಡಿರಲಿಲ್ಲ. ಇಸ್ತ್ರಿ ಪ್ಯಾಂಟು ಮಂಡಿಯವರೆಗೂ ಕೆಂಪು ಕೆಸರು. ಕನ್ನಡಕದ ಮೇಲೆ ಚುಕ್ಕಿ ಚುಕ್ಕಿ ಮಣ್ಣು. ಕೂದಲು ಹೆಲ್ಮೆಟ್ಟಿನಿಂದ ಎದ್ದು ನಿಂತಿತ್ತು. ಕಣ್ಣು ಮಾತ್ರ ಹುಡುಗನ ಕಣ್ಣು.

"ಬಿದ್ರಾ?" ಎಂದೆ.

"ಛೆ, ಇಲ್ಲ. ನೆಲಮಂಗಲ ದಾಟ್ದೆ, ನಿಲ್ಲಲೇ ಇಲ್ಲ. ಇನ್ನೂ ಸ್ವಲ್ಪ ನೋಡೋಣ ಅಂತ ಹೋದೆ. ಎಡಕ್ಕೊಂದು ಮಣ್ಣು ರಸ್ತೆ ಕಾಣಿಸ್ತು..." ಮಗಳನ್ನು ನೋಡಿ ಮಾತು ನಿಲ್ಲಿಸಿದರು. "ಮೇಲೆ ಒಂದು ಬಂಡೆ ಐತಲ್ಲ, ಪಕ್ಕದಲ್ಲಿ ಕೆರೆ ಕಾಣುತ್ತೆ?"

"ಅಲ್ಲೀವರೆಗೂ ಹತ್ತಿದ್ರಾ ಅಪ್ಪಾ! ನಾವು ಇಡ್ಲಿ ತಿನ್ನೋಕೆ ಮುಂಚೆ ನಿಲ್ಲೋದೇ ಅಲ್ಲಿ."

"ಹೂಂ. ಹತ್ತಿದೆ."

ಬಂದವರ ಕಡೆ ತಿರುಗಿ ಕೈಮುಗಿದರು. "ಕ್ಷಮಿಸ್ಬೇಕು ಸಾರ್. ನಿಮ್ಮನ್ನ ಸುಮ್ನೆ ಕರೆಸಿದ ಹಾಗಾಯ್ತು. ಗಾಡಿ ಕೊಡೋದಿಲ್ಲ."

"ಏನೋ ಪ್ರಾಬ್ಲಂ ಇದೆ ಅಂದಿದ್ರಲ್ಲ ಸಾರ್?"

"ಪ್ರಾಬ್ಲಂ ಗಾಡೀದಲ್ಲ ಸಾರ್."

"ನಂದು!" ಎಂದರು ಅತ್ತೆ ಒಳಗಿನಿಂದ, ದೊಡ್ಡ ದನಿಯಲ್ಲಿ.

ಆ ಮನುಷ್ಯರಿಗೆ ಏನೂ ಅರ್ಥವಾಗಲಿಲ್ಲ. ಆದರೂ ನಕ್ಕರು, ಇನ್ನೊಂದು ಚಕ್ಕುಲಿ ತೆಗೆದುಕೊಂಡರು. ಸರವನ್ನು ವಾಪಸು ಒಯ್ಯಬಾರದೆಂದು ನಮ್ಮ ಮಿಡತೆಗೇ ಕಟ್ಟಿ ಹೋದರು, ಹ್ಯಾಂಡಲಿಗೆ. ಕಟ್ಟುವಾಗ ಮಗಳು ಪಕ್ಕದಲ್ಲೇ ನಿಂತು ಕಾವಲು ಕಾದಳು, ಎಲ್ಲಿ ಮುಚ್ಚಳಕ್ಕೆ ಸುತ್ತಿಬಿಡುತ್ತಾರೋ ಎಂದು.

ಅವರು ಹೋದ ಮೇಲೆ ಇವರು ಕೀಲಿಯನ್ನು ಮಗಳ ಅಂಗೈಗಿಟ್ಟರು. "ಹೈವೇಲಿ ಎಡಗಡೇನೇ ಹೋಗ್ಬೇಕು. ಹೊಸಬರನ್ನ ಆ ಬಂಡೆಗೆ ಮೊದಲನೇ ದಿನಾನೇ ಹತ್ತಿಸ್ಬೇಡ. ಕೊನೇ ತಿರುವಲ್ಲಿ ಜಾರುತ್ತೆ."

"ನಿಮಗೆಂಗೆ ಗೊತ್ತು ಜಾರುತ್ತೆ ಅಂತ?" ಎಂದಳು ಅವಳು, ಕಣ್ಣು ಕಿರಿದು ಮಾಡಿ. "ಬಿದ್ರಿ ತಾನೇ?"

ಇವರು ನನ್ನ ಮುಖ ನೋಡಿದರು. ನಾನು ಅವರ ಪ್ಯಾಂಟಿನ ಎಡ ಮಗ್ಗುಲು ನೋಡಿದೆ. ಆ ಕಡೆ ಕೆಸರು ಮಂಡಿ ದಾಟಿ ಸೊಂಟದವರೆಗೂ ಇತ್ತು.

"ಪ್ಯಾಂಟ್ ಬಿಚ್ಚಿ ಹಾಕ್ರೀ, ಪಂಚೆ ಉಟ್ಕೊಳ್ಳಿ" ಎಂದಷ್ಟೇ ಹೇಳಿದೆ. ಮೈಕೈ ಮುರಿದಿಲ್ಲ, ಗಾಡಿ ಉಳಿಯಿತು, ಕೂಸು ನಗುತ್ತಿದೆ. ಇಷ್ಟು ಕೊಟ್ಟವನಿಗೆ ಇನ್ನೇನು ಕೇಳಲಿ. ಆ ಕೆಂಪು ಮಣ್ಣು ಒಣಗಿಬಿಟ್ಟರೆ ಯಾವ ಸೋಪಿಗೂ ಜಗ್ಗುವುದಿಲ್ಲ. ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನೀರು ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಒಗೆಯುವ ಕಲ್ಲಿನ ಮುಂದೆ ಕೂತೆ.